ಒಂಟೆ, ಜಿರಾಫೆ ನೆಂಟರಾ? ಸೊಪ್ಪು ತಿನ್ನೋ ಎರಡು ದೊಡ್ಡ ಪ್ರಾಣಿಗಳ ಬಗ್ಗೆ

ಕಾರಂಜಿ_ಕೆರೆ (ಮೈಸೂರು)

ಜಿರಾಫೆ ನಮ್ಮ ಹಸು, ಮೇಕೆಗಳಿಗೆ ಹತ್ತಿರದ ನೆಂಟ. ಒಂಟೆಗೆ ಬಲು ದೂರದ ನೆಂಟ. ಟ್ಯೂಷನ್‌ಗೆ ಬರುವ ಹೈಸ್ಕೂಲ್ ಮಕ್ಕಳಿಗೆ ಇದನ್ನು ಹೇಳಿದರೆ ಅವರೂ ಒಪ್ಪಲ್ಲ, ಅವರ ಅಪ್ಪ ಅಮ್ಮಂದಿರೂ ಒಪ್ಪಲ್ಲ. ಎರಡಕ್ಕೂ ಉದ್ದ ಕತ್ತು, ಉದ್ದ ಕಾಲು. ಎರಡೂ ಮುಳ್ಳುಮರದ ಸೊಪ್ಪು ತಿನ್ನುತ್ತವೆ. ಎರಡೂ ಮೆಲುಕು ಹಾಕುತ್ತವೆ. ಎರಡಕ್ಕೂ ಪಾದದಲ್ಲಿ ಎರಡೆರಡು ಬೆರಳು. ಇನ್ನೇನು ಬೇಕು ಮಿಸ್ ಅಂತಾರೆ.

ನನ್ನ ವಾದ ಇಷ್ಟೇ. ಕತ್ತು ನೋಡಿ ನೆಂಟಸ್ತಿಕೆ ಹೇಳಬಾರದು. ಬಾಯಿ, ಕಾಲು, ಹೊಟ್ಟೆ ನೋಡಿ ಹೇಳಬೇಕು.

ಜಿರಾಫೆಗೆ ಮೇಲ್ದವಡೆಯ ಮುಂದೆ ಹಲ್ಲೇ ಇಲ್ಲ. ಹಸುವಿಗೆ ಇರುವ ಹಾಗೆ ಗಟ್ಟಿ ವಸಡು ಅಷ್ಟೇ. ಒಂಟೆಗೆ ಮೇಲೂ ಕೋರೆಹಲ್ಲು ಇವೆ. ಜಿರಾಫೆಗೆ ಸೀಳು ಗೊರಸು. ಒಂಟೆಗೆ ಗೊರಸಿಲ್ಲ, ಮೆತ್ತನೆಯ ಅಗಲ ಪಾದ, ತುದಿಯಲ್ಲಿ ಎರಡು ಉಗುರು. ಜಿರಾಫೆ ಹೊಟ್ಟೆಯಲ್ಲಿ ನಾಲ್ಕು ಕೋಣೆ, ಒಂಟೆಯದರಲ್ಲಿ ಮೂರೇ. ಜಿರಾಫೆ ತಲೆ ಮೇಲೆ ಚರ್ಮ ಮುಚ್ಚಿದ ಗಿಡ್ಡ ಕೊಂಬು ಇದೆ, ಒಂಟೆಗೆ ಕೊಂಬಿನ ಸುಳಿವೇ ಇಲ್ಲ. ಗಾತ್ರವಂತೂ ಹೋಲಿಸುವ ಹಾಗೇ ಇಲ್ಲ. ಗಂಡು ಜಿರಾಫೆ ಐದೂವರೆ ಮೀಟರ್ ಎತ್ತರ ಬೆಳೆಯಬಹುದು, ತೂಕ 1,200 ಕಿಲೋ ಆಸುಪಾಸು. ಒಂಟಿ ಡುಬ್ಬದ ಒಂಟೆ ಡುಬ್ಬದ ತುದಿಗೆ ಸುಮಾರು 2 ಮೀಟರ್, ತೂಕ 400 ರಿಂದ 600 ಕಿಲೋ.

ಇಲ್ಲಿ ದನ ಕುರಿ ಸಾಕುವವರು ಇದ್ದೀರಿ, ಪಶುವೈದ್ಯರೂ ಇದ್ದೀರಿ. ನಿಮಗೆ ಏನನ್ನಿಸುತ್ತೆ?

ಮದ್ದೂರು_ವಡೆ

ಮೇಡಂ, ಹಾಗಾದ್ರೆ ಜಿರಾಫೆ ಕಡೆಯಿಂದ ನಮ್ಮನೆ ಎಮ್ಮೆಗೆ ಸಂಬಂಧ ಬಂದ್ರೆ ಬೇಡ ಅನ್ನೋ ಹಾಗಿಲ್ಲ.

ತಮಾಷೆ ಬಿಡಿ. ಮೂರು ಕೋಣೆ, ನಾಲ್ಕು ಕೋಣೆ ಅಂತ ನೆಂಟಸ್ತಿಕೆ ಬೇರೆ ಮಾಡೋದು ಸ್ವಲ್ಪ ಅತಿ ಆಯ್ತಲ್ವಾ? ಎರಡೂ ನುಂಗಿದ್ದನ್ನು ಬಾಯಿಗೆ ತಂದು ಜಗಿಯುತ್ತವೆ ತಾನೇ? ಅಂಥ ವಿಚಿತ್ರ ಅಭ್ಯಾಸ ಎರಡು ಬೇರೆ ಬೇರೆ ಮನೆತನದಲ್ಲಿ ತಾನೇ ತಾನಾಗಿ ಬರುತ್ತಾ?

ದನದ_ಡಾಕ್ಟ್ರು (ಮಂಡ್ಯ)

ಬರುತ್ತೆ ಅನ್ನೋದೇ ಈಗಿನ ತಿಳಿವಳಿಕೆ. ಸೊಪ್ಪು, ಹುಲ್ಲು ಅಂದರೆ ನಾರು. ನಾರನ್ನು ಕರಗಿಸುವ ಶಕ್ತಿ ಈ ಪ್ರಾಣಿಗಳ ಹೊಟ್ಟೆಗೆ ಇಲ್ಲ, ಅದು ಸೂಕ್ಷ್ಮಜೀವಿಗಳ ಕೆಲಸ. ಅವುಗಳಿಗೆ ಒಂದು ಹುದುಗುವ ತೊಟ್ಟಿ ಬೇಕು, ಹೊತ್ತು ಬೇಕು, ಚೆನ್ನಾಗಿ ಅರೆದ ಸೊಪ್ಪು ಬೇಕು. ಈ ಮೂರಕ್ಕೂ ಮೆಲುಕು ಅನುಕೂಲ. ಹಸು-ಜಿರಾಫೆಗಳ ಮೂಲದಲ್ಲಿ ಒಂದು ಸಲ, ಒಂಟೆಗಳ ಮೂಲದಲ್ಲಿ ಇನ್ನೊಂದು ಸಲ, ಬೇರೆ ಬೇರೆಯಾಗಿ ಈ ಏರ್ಪಾಡು ಹುಟ್ಟಿದೆ.

ಮೇಡಂ ಹೇಳಿದ್ದಕ್ಕೆ ಇನ್ನೊಂದು ಸೇರಿಸುತ್ತೇನೆ. ನಾಲಿಗೆ ನೋಡಿ. ಹಸು ನಾಲಿಗೆ ಚಾಚಿ ಹುಲ್ಲು ಸುತ್ತಿ ಎಳೆಯುತ್ತೆ, ತನ್ನ ಮೂಗಿನ ಹೊಳ್ಳೆ ತಾನೇ ನೆಕ್ಕುತ್ತೆ. ಜಿರಾಫೆಯೂ ಅಷ್ಟೇ. ಅದರ ನಾಲಿಗೆ ಸುಮಾರು 45 ಸೆಂಟಿಮೀಟರ್, ಮುಂಭಾಗ ನೇರಳೆ ಕಪ್ಪು. ಕೊಂಬೆಗೆ ನಾಲಿಗೆ ಸುತ್ತಿ ಎಲೆ ಸವರಿಕೊಳ್ಳುತ್ತೆ. ಒಂಟೆ ನಾಲಿಗೆ ಹಾಗೆ ಹೊರಗೆ ಚಾಚುವುದಿಲ್ಲ. ಅದರ ಕೆಲಸವೆಲ್ಲ ತುಟಿಯಿಂದ. ಮೇಲ್ದುಟಿ ನಡುವೆ ಸೀಳಿದೆ, ಎರಡು ಅರ್ಧವೂ ಬೇರೆ ಬೇರೆ ಆಡುತ್ತವೆ. ಮುಳ್ಳಿನ ಸಂದಿಯಿಂದ ಒಂದೊಂದೇ ಎಲೆ ಬಿಡಿಸೋಕೆ ಅದು ಸಾಕು.

ಇದರಿಂದ ಒಂದು ಪರಿಣಾಮ ಇದೆ. ಹಸು ಕರು ಹಾಕಿದ ತಕ್ಷಣ ನೆಕ್ಕಿ ನೆಕ್ಕಿ ಒಣಗಿಸುತ್ತೆ ಅಲ್ವಾ? ಜಿರಾಫೆಯೂ ಮರಿಯನ್ನು ನೆಕ್ಕುತ್ತೆ. ತಾಯಿ ಒಂಟೆ ನೆಕ್ಕಲ್ಲ. ಮೂಸುತ್ತೆ, ಮೂತಿಯಿಂದ ತಿವಿಯುತ್ತೆ, ಗುರುಗುಟ್ಟುತ್ತೆ, ಅಷ್ಟೇ. ಹುಟ್ಟುವಾಗ ಮರಿಯ ಮೈಮೇಲೆ ತೆಳ್ಳನೆ ಪೊರೆ ಒಂದಿರುತ್ತೆ, ಅದು ತಾನಾಗಿ ಒಣಗಿ ಉದುರುತ್ತೆ. ದಕ್ಷಿಣ ಅಮೆರಿಕದ ಲಾಮಾ, ಅಲ್ಪಾಕಾಗಳೂ ಹೀಗೇ. ಅವು ಒಂಟೆಯ ಖಾಸಾ ದಾಯಾದಿಗಳು.

ಇನ್ನೊಂದು ಮಾತು. ವಂಶವೃಕ್ಷದಲ್ಲಿ ಜಿರಾಫೆಗೆ ಒಂಟೆಗಿಂತ ತಿಮಿಂಗಿಲ ಹತ್ತಿರ.

ಮದ್ದೂರು_ವಡೆ

ಡಾಕ್ಟ್ರೇ, ಬೆಳಗ್ಗೆ ಬೆಳಗ್ಗೆ ಏನಾಯ್ತು ನಿಮಗೆ?

ದನದ_ಡಾಕ್ಟ್ರು

ಏನೂ ಆಗಿಲ್ಲ, ಕಾಫಿ ಕುಡಿದೇ ಬರೆಯುತ್ತಿದ್ದೇನೆ. ಸರಿಸಂಖ್ಯೆ ಬೆರಳಿನ ಗೊರಸು ಪ್ರಾಣಿಗಳ ದೊಡ್ಡ ಗುಂಪು ಒಂದಿದೆ. ಹಸು, ಜಿಂಕೆ, ಜಿರಾಫೆ, ಹಂದಿ, ನೀರಾನೆ, ಒಂಟೆ ಎಲ್ಲ ಅದರಲ್ಲೇ ಬರುತ್ತವೆ. ಡಿಎನ್‌ಎ ಹೋಲಿಸಿದಾಗ ಈ ಗುಂಪಿನಿಂದ ಮೊದಲು ಬೇರೆಯಾಗಿದ್ದು ಒಂಟೆ ಕವಲು. ಆಮೇಲೆ ಹಂದಿ ಕವಲು. ಉಳಿದ ಗುಂಪು ಎರಡಾಯಿತು. ಒಂದು ಕಡೆ ನೀರಾನೆ ಮತ್ತು ತಿಮಿಂಗಿಲ, ಇನ್ನೊಂದು ಕಡೆ ಹಸು, ಜಿಂಕೆ, ಜಿರಾಫೆ. ಹಾಗಾಗಿ ಲೆಕ್ಕ ಹಾಕಿದರೆ ಜಿರಾಫೆಗೆ ತಿಮಿಂಗಿಲವೇ ಹತ್ತಿರ.

ಮೂಳೆಯ ಪುರಾವೆಯೂ ಇದೆ. ಈ ಗುಂಪಿನ ಪ್ರಾಣಿಗಳ ಹಿಂಗಾಲಿನ ಕೀಲಲ್ಲಿ ರಾಟೆ ಆಕಾರದ ಒಂದು ಮೂಳೆ ಇರುತ್ತೆ. 2001ರಲ್ಲಿ ಪಾಕಿಸ್ತಾನದಲ್ಲಿ ಸಿಕ್ಕ ಪುರಾತನ ತಿಮಿಂಗಿಲಗಳ ಕಾಲಲ್ಲಿ ಅದೇ ಮೂಳೆ ಕಾಣಿಸಿತು. ನಮ್ಮ ಭೂವಿಜ್ಞಾನಿ ಎ. ರಂಗರಾವ್ ಜಮ್ಮು-ಕಾಶ್ಮೀರದ ಕಾಲಾಕೋಟ್ ಕಡೆ ಸಂಗ್ರಹಿಸಿದ ಬಂಡೆಗಳಲ್ಲಿ ಇಂಡೋಹಯಸ್ ಅನ್ನೋ ಚಿಕ್ಕ ಗೊರಸು ಪ್ರಾಣಿ ಸಿಕ್ಕಿತ್ತು. ತಿಮಿಂಗಿಲಗಳಿಗೆ ತೀರಾ ಹತ್ತಿರದ ಪ್ರಾಣಿ ಅದು ಅಂತ 2007ರಲ್ಲಿ ತೋರಿಸಿದರು.

ಬಂಡೂರು_ಕುರಿ (ಮಳವಳ್ಳಿ ತಾ.)

ತಿಮಿಂಗಿಲದ ವಿಷಯ ನನಗೆ ಬೇಡ, ನಮ್ಮೂರ ಕೆರೇಲಿ ಅದಿಲ್ಲ. ಸೊಪ್ಪಿನ ವಿಷಯ ಮಾತಾಡೋಣ.

ನಾನು ಕುರಿನೂ ಸಾಕ್ತೀನಿ, ನಾಲ್ಕಾರು ಮೇಕೆನೂ ಇವೆ. ಕುರಿ ತಲೆ ತಗ್ಗಿಸಿ ನೆಲದ ಹುಲ್ಲು ಮೇಯುತ್ತೆ. ಮೇಕೆ ತಲೆ ಎತ್ತಿಕೊಂಡೇ ಓಡಾಡುತ್ತೆ, ಹಿಂಗಾಲ ಮೇಲೆ ನಿಂತು ಬೇಲಿ ಸೊಪ್ಪು ಕೀಳುತ್ತೆ. ಆಡು ಮುಟ್ಟದ ಸೊಪ್ಪಿಲ್ಲ ಅಂತಾರಲ್ಲ. ಆದರೆ ಮೇಕೆ ಏನು ಸಿಕ್ಕರೂ ತಿನ್ನುತ್ತೆ ಅನ್ನೋದು ಸುಳ್ಳು. ಎಲ್ಲಕ್ಕೂ ಬಾಯಿ ಹಾಕುತ್ತೆ, ಚಿಗುರನ್ನು ಆರಿಸಿ ತಿನ್ನುತ್ತೆ, ಬಲಿತದ್ದನ್ನು ಬಿಡುತ್ತೆ. ಬೇಸಿಗೆಯಲ್ಲಿ ಹುಲ್ಲು ಒಣಗಿದಾಗ ಕುರಿ ಸೊರಗುತ್ತೆ, ಮೇಕೆ ಜಾಲಿ ಮರದ ಕೆಳಗೆ ಆರಾಮಾಗಿರುತ್ತೆ. ನಾವು ದೋಟಿ ಹಾಕಿ ಕೊಂಬೆ ಎಳೆದು ಕೊಡ್ತೀವಿ. ಜಾಲಿಕಾಯಿ ಉದುರಿದರಂತೂ ಹಬ್ಬ.

ಅದಕ್ಕೆ ನನ್ನ ಲೆಕ್ಕದಲ್ಲಿ ಜಿರಾಫೆ ಅಂದರೆ ದೋಟಿ ಸಮೇತ ಹುಟ್ಟಿದ ಮೇಕೆ. ಒಂಟೆ ಯಾವ ಜಾತಿ? ಹುಲ್ಲು ಮೇಯೋದಾ, ಸೊಪ್ಪು ತಿನ್ನೋದಾ?

ಮಾಜಿ_ಜವಾನ (ಕೆ.ಆರ್. ಪೇಟೆ)

ನಾನು ರಾಜಸ್ಥಾನದ ಗಡೀಲಿ ಡ್ಯೂಟಿ ಮಾಡಿದೋನು. ಒಂಟೆ ಜೊತೆ ಒಡನಾಟ ಇತ್ತು. ಜಾಸ್ತಿ ಸೊಪ್ಪೇ. ಹುಲ್ಲು ಕಂಡರೂ ಬಿಡಲ್ಲ, ಉಪ್ಪುಪ್ಪಾಗಿರೋ ಕುರುಚಲು ಗಿಡಗಳನ್ನೂ ತಿನ್ನುತ್ತೆ. ಬೇರೆ ದನ ಮೂಸಿಯೂ ನೋಡದ ಗಿಡ ಅವು.

ಅಲ್ಲಿ ಒಂಟೆಗಳಿಗೆ ಇಷ್ಟವಾದ ಮರ ಖೇಜ್ರಿ. ಖೇಜ್ರಿ ಅಂದರೆ ಶಮಿ, ನಮ್ಮ ಬನ್ನಿ. ದಸರಾದಲ್ಲಿ ನಾವು ಬನ್ನಿಮಂಟಪಕ್ಕೆ ಮೆರವಣಿಗೆ ಹೋಗಿ ಕೈ ಮುಗಿಯೋ ಮರ. ಅಲ್ಲಿ ಅದು ರಾಜ್ಯದ ಮರ. ಕೊಂಬೆ ಸವರಿ, ಎಲೆ ಒಣಗಿಸಿ ಇಟ್ಟುಕೊಂಡು ಬರಗಾಲದಲ್ಲಿ ಒಂಟೆ, ಮೇಕೆಗಳಿಗೆ ಹಾಕುತ್ತಾರೆ.

ಒಂಟೆ ಮೇಯೋದರಲ್ಲಿ ಒಂದು ಗುಣ ನೋಡಿದೆ. ಒಂದು ಗಿಡ ಹಿಡಿದರೆ ಬೋಳು ಮಾಡಲ್ಲ. ಎರಡು ಬಾಯಿ ಇಲ್ಲಿ, ಎರಡು ಬಾಯಿ ಅಲ್ಲಿ, ಮುಂದೆ ಹೋಗ್ತಾ ಇರುತ್ತೆ. ಮೇಯ್ತಾ ಮೇಯ್ತಾನೇ ಮೈಲುಗಟ್ಟಲೆ ಹೋಗಿರುತ್ತೆ. ಸಂಜೆ ಹುಡುಕೋನ ಗತಿ ಕೇಳಬೇಡಿ.

ಬಂಡೂರು_ಕುರಿ

ಅಣ್ಣಾ, ಮುಳ್ಳು ಚುಚ್ಚಲ್ವಾ? ನಮ್ಮ ಮೇಕೆ ಜಾಲಿ ಮುಳ್ಳನ್ನು ತಪ್ಪಿಸಿ ತಿನ್ನುತ್ತೆ. ಒಂಟೆ ಬಾಯಿ ಅಷ್ಟು ದೊಡ್ಡದು.

ದನದ_ಡಾಕ್ಟ್ರು

ಒಂಟೆ ಕೆನ್ನೆಯ ಒಳಗೆ ಕೈ ಹಾಕಿದರೆ ಗೊತ್ತಾಗುತ್ತೆ. (ಹಾಕಬೇಡಿ.) ಒಳಗೆಲ್ಲ ಬೆರಳಿನಂಥ ಗಟ್ಟಿ ಮೊನೆಗಳು, ತುದಿ ಗಂಟಲ ಕಡೆಗೆ ಬಾಗಿರುತ್ತೆ. ಮುಳ್ಳು ಅವುಗಳ ಮೇಲೆ ಜಾರಿ ಹಿಂದಕ್ಕೆ ಹೋಗುತ್ತೆ. ಅಂಗುಳೂ ಗಟ್ಟಿ. ಅದಕ್ಕೇ ಅದು ಮುಳ್ಳು ಸಮೇತ ಅಗಿಯುತ್ತೆ. ಜಿರಾಫೆ ಮೇಕೆಯ ದಾರಿ ಹಿಡಿದಿದೆ. ತುಟಿ, ನಾಲಿಗೆಯಿಂದ ಎಲೆ ಬಿಡಿಸಿಕೊಳ್ಳುತ್ತೆ, ತಪ್ಪಿ ಬಂದ ಮುಳ್ಳಿಗೆ ಅಂಟು ಅಂಟಾದ ಜೊಲ್ಲು, ದಪ್ಪ ನಾಲಿಗೆ ಇವೆ.

ಆಫ್ರಿಕಾದಲ್ಲಿ ಜಿರಾಫೆ ತಿನ್ನೋದು ಜಾಸ್ತಿ ಜಾಲಿಯ ಜಾತಿಗಳನ್ನೇ. ನಮ್ಮ ಹೊಲದ ಬದುವಿನ ಕರಿಜಾಲಿ ಅಲ್ಲೂ ಬೆಳೆಯುತ್ತೆ. ಜಿರಾಫೆ ಬಂದರೆ ನಿಮ್ಮ ದೋಟಿಗೆ ಕೆಲಸ ಇರಲ್ಲ.

ಅಂದ ಹಾಗೆ ನಿಮ್ಮ ಮೇಕೆಯ ಹಿಕ್ಕೆ ಇದೆಯಲ್ಲ, ಇಷ್ಟೆತ್ತರದ ಜಿರಾಫೆಯೂ ಅಂಥದ್ದೇ ಸಣ್ಣ ಸಣ್ಣ ಹಿಕ್ಕೆ ಹಾಕುತ್ತೆ. ಒಂಟೆಯದೂ ಉಂಡೆಯೇ, ಆದರೆ ದಪ್ಪ. ನೀರಿನಂಶ ಎಷ್ಟು ಕಮ್ಮಿ ಅಂದರೆ ಬೇಗನೆ ಒಲೆಗೆ ಹಾಕಬಹುದು.

ಅಗ್ರಹಾರ_ಸರ್ಕಲ್ (ಮೈಸೂರು)

ನೀವೆಲ್ಲ ಬಾಯಿ, ಹೊಟ್ಟೆ ಅಂತ ಇದ್ದೀರಿ. ಮನುಷ್ಯನ ಜೊತೆ ಇವೆರಡರ ಸಂಬಂಧವೇ ಪೂರ್ತಿ ಬೇರೆ. ಒಂಟೆಯನ್ನು ಪಳಗಿಸಿ ಸುಮಾರು 3,000 ವರ್ಷ ಆಯಿತು. ಹೊರೆ ಹೊತ್ತಿದೆ, ಹಾಲು ಕೊಟ್ಟಿದೆ, ಯುದ್ಧಕ್ಕೆ ಹೋಗಿದೆ. ನಮ್ಮ ಅರಮನೆಯಲ್ಲಿ ಆಯುಧಪೂಜೆ ದಿನ ಪಟ್ಟದ ಆನೆ, ಪಟ್ಟದ ಕುದುರೆ, ಪಟ್ಟದ ಹಸುವಿನ ಜೊತೆ ಪಟ್ಟದ ಒಂಟೆಗೂ ಪೂಜೆ ಇದೆ. ಜಿರಾಫೆಗೆ ಎಲ್ಲೂ ಪಟ್ಟ ಇಲ್ಲ. ಅದು ಯಾರಿಗೂ ಪಳಗಲಿಲ್ಲ, ನೋಡೋಕೆ ಮಾತ್ರ.

ನೋಡೋಕೆ ಅಂತಲೇ ರಾಜರು ಒಬ್ಬರಿಗೊಬ್ಬರು ಕಳಿಸಿಕೊಂಡಿದ್ದಾರೆ. 1414ರಲ್ಲಿ ಬಂಗಾಳದ ಸುಲ್ತಾನ ಚೀನಾದ ಯೋಂಗ್ಲೆ ಚಕ್ರವರ್ತಿಗೆ ಜಿರಾಫೆ ಕಳಿಸಿದ. ಅವರು ಅದನ್ನು ತಮ್ಮ ಪುರಾಣದ ಶುಭ ಪ್ರಾಣಿ ಅಂದುಕೊಂಡು ಚಿತ್ರ ಬರೆಸಿಟ್ಟರು. ಆಮೇಲೆ 1827ರಲ್ಲಿ ಈಜಿಪ್ಟಿನ ಮುಹಮ್ಮದ್ ಅಲಿ ಫ್ರಾನ್ಸಿನ ದೊರೆಗೆ ಒಂದು ಕೊಟ್ಟ. ಮಾರ್ಸೇಯಿಂದ ಪ್ಯಾರಿಸ್‌ವರೆಗೆ ಅದನ್ನು ನಡೆಸಿಕೊಂಡೇ ಹೋದರು. ನಮ್ಮ ಮೃಗಾಲಯ 1892ರಲ್ಲಿ ಚಾಮರಾಜೇಂದ್ರ ಒಡೆಯರ್ ಕಾಲದಲ್ಲಿ ಶುರುವಾಗಿದ್ದು. ಇಲ್ಲಿ ಜಿರಾಫೆಗಳು ಮರಿ ಹಾಕಿ ಬೆಳೆದು ಬನ್ನೇರುಘಟ್ಟಕ್ಕೂ ಹೋಗಿವೆ.

ನನ್ನ ಓಟು ಒಂಟೆಗೆ. ದುಡಿದವನಿಗೆ ಮರ್ಯಾದೆ.

ಕಾರಂಜಿ_ಕೆರೆ

ಸಾರ್, ಓಟು ಹಾಕಿಸೋಕೆ ಕೇಳಿದ್ದಲ್ಲ. ಆದರೂ ಪಟ್ಟದ ಒಂಟೆಯನ್ನು ನೆನಪಿಸಿದಿರಿ, ಮಕ್ಕಳಿಗೆ ಹೇಳೋಕೆ ಚೆನ್ನಾಗಿದೆ.

ಕತ್ತಿನ ವಿಷಯಕ್ಕೆ ಬರುತ್ತೇನೆ. ಎಲ್ಲರೂ ಅಲ್ಲೇ ಎಡವೋದು. ಜಿರಾಫೆ ಕತ್ತಲ್ಲಿ ಏಳೇ ಮೂಳೆ. ನಮಗೂ ಏಳು, ಒಂಟೆಗೂ ಏಳು, ಇಲಿಗೂ ಏಳು. ಜಿರಾಫೆಯದು ಒಂದೊಂದೂ ಉದ್ದ ಅಷ್ಟೇ. ಯಾಕೆ ಉದ್ದ ಆಯಿತು ಅಂತ ವಿಜ್ಞಾನಿಗಳು ಇನ್ನೂ ಕಚ್ಚಾಡುತ್ತಿದ್ದಾರೆ. ಎತ್ತರದ ಸೊಪ್ಪಿಗೆ ಅನ್ನೋದು ಹಳೇ ಮಾತು. ಗಂಡುಗಳು ಕತ್ತು ಬೀಸಿ ಹೊಡೆದಾಡುತ್ತವೆ, ಹೆಣ್ಣಿಗಾಗಿ ನಡೆಯುವ ಆ ಜಗಳದಿಂದ ಉದ್ದ ಆಯಿತು ಅಂತ 1996ರಲ್ಲಿ ಒಂದು ವಾದ ಬಂತು. 2007ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಇನ್ನೊಂದು ಅಧ್ಯಯನ ಆಯಿತು. ಕೆಳಗಿನ ಸೊಪ್ಪನ್ನು ಬೇರೆ ಪ್ರಾಣಿಗಳು ಮುಗಿಸಿರುತ್ತವೆ, ಮೇಲೆ ಬಾಯಿ ಹಾಕಿದಾಗ ಜಿರಾಫೆಗೆ ಒಂದು ತುತ್ತಿಗೆ ಜಾಸ್ತಿ ಎಲೆ ಸಿಗುತ್ತೆ ಅಂತ ಅದು ತೋರಿಸಿತು. ನನಗಂತೂ ಸೊಪ್ಪಿನ ವಾದವೇ ಗಟ್ಟಿ ಅನ್ನಿಸುತ್ತೆ. ಹೆಣ್ಣು ಜಿರಾಫೆಗಳು ಹಾಗೆ ಹೊಡೆದಾಡಲ್ಲ, ಅವುಗಳಿಗೂ ಕತ್ತು ಉದ್ದವೇ ಅಲ್ವಾ?

ಒಂಟೆ ಕತ್ತು ಬೇರೆ ಕಥೆ. ಕಾಲು ಉದ್ದ ಆದ ಮೇಲೆ ನೆಲಕ್ಕೆ ಬಾಯಿ ಮುಟ್ಟಬೇಕು, ಮರಕ್ಕೂ ಮುಟ್ಟಬೇಕು. ಅಷ್ಟಕ್ಕೆ ಬೇಕಾದಷ್ಟು ಉದ್ದ. ಜಿರಾಫೆ ಕತ್ತು ನೆಲಕ್ಕೆ ಸಾಲದು. ನೀರು ಕುಡಿಯೋಕೆ ಮುಂಗಾಲು ಎರಡೂ ಅಗಲಿಸಿ ಬಗ್ಗಬೇಕು. ಸಿಂಹಕ್ಕೆ ಅದೇ ಸಮಯ.

ಇನ್ನು ನನ್ನ ಮುಖ್ಯ ಸಾಕ್ಷಿ. ಒಂಟೆಗಳ ಕುಲ ಹುಟ್ಟಿದ್ದು ಅರಬ್ ದೇಶದಲ್ಲಲ್ಲ, ಉತ್ತರ ಅಮೆರಿಕದಲ್ಲಿ, 4 ಕೋಟಿ ವರ್ಷಕ್ಕೂ ಹಿಂದೆ. ಅಲ್ಲಿಂದ ಒಂದು ಗುಂಪು ಏಷ್ಯಾಕ್ಕೆ ಬಂತು, ಇನ್ನೊಂದು ದಕ್ಷಿಣಕ್ಕೆ ಹೋಗಿ ಲಾಮಾ ಆಯಿತು. ಕೊನೆಗೆ ಹುಟ್ಟಿದೂರಲ್ಲೇ ಒಂಟೆ ನಿರ್ವಂಶ ಆಯಿತು. ಆ ಅಮೆರಿಕದ ಒಂಟೆಗಳಲ್ಲಿ ಒಂದರ ಹೆಸರು ಎಪಿಕ್ಯಾಮೆಲಸ್. ಅದರ ಕಾಲೂ ಕತ್ತೂ ಎಷ್ಟು ಉದ್ದ ಅಂದರೆ ದೂರದಿಂದ ನೋಡಿದರೆ ಜಿರಾಫೆಯೇ ಅನ್ನಬೇಕು. ಅದೇ ಜಿರಾಫೆ ಮನೆತನದಲ್ಲಿ ಇಂದಿಗೂ ಬದುಕಿರುವ ಒಕಾಪಿ ಇದೆ, ಕಾಂಗೋ ಕಾಡಿನದು. ಅದರ ಕತ್ತು ಹೆಚ್ಚು ಕಡಿಮೆ ಕುದುರೆಯಷ್ಟು. ಒಂಟೆ ಕುಲದಲ್ಲಿ ಜಿರಾಫೆಯಂಥದ್ದು ಹುಟ್ಟಿದೆ, ಜಿರಾಫೆ ಕುಲದಲ್ಲಿ ಗಿಡ್ಡ ಕತ್ತಿನದು ಉಳಿದಿದೆ. ಕತ್ತನ್ನು ನಂಬಿ ಹೆಂಗೆ ಕುಲ ಹೇಳ್ತೀರಿ?

ಸಕ್ಕರೆ_ನಾಡು

ಈ ಎರಡೂ ನಮ್ಮ ದೇಶದಲ್ಲಿ ಯಾವತ್ತಾದ್ರೂ ಒಟ್ಟಿಗೆ ಇದ್ದವಾ? ಸುಮ್ನೆ ಕುತೂಹಲ.

ಕಾರಂಜಿ_ಕೆರೆ

ಇದ್ದವು. ಹಿಮಾಲಯದ ಬುಡದ ಶಿವಾಲಿಕ್ ಬೆಟ್ಟಗಳಲ್ಲಿ ಎರಡೂ ಕುಲದ ಪಳೆಯುಳಿಕೆ ಸಿಕ್ಕಿವೆ. 1830ರ ದಶಕದಲ್ಲಿ ಹ್ಯೂ ಫಾಲ್ಕನರ್ ಅನ್ನೋ ಡಾಕ್ಟರು, ಪ್ರೋಬಿ ಕಾಟ್ಲಿ ಅನ್ನೋ ಎಂಜಿನಿಯರು ಸೇರಿ ಅಗೆದು ವಿವರ ಬರೆದರು. ಹಳೇ ಒಂಟೆ ಸಿಕ್ಕಿತು. ಜಿರಾಫೆ ಕುಲದ ಶಿವಥೀರಿಯಂ ಸಿಕ್ಕಿತು. ಶಿವನ ಹೆಸರನ್ನೇ ಇಟ್ಟಿದ್ದಾರೆ. ಅದಕ್ಕೆ ಗಿಡ್ಡ ಕತ್ತು, ಭಾರೀ ಮೈ, ತಲೆ ಮೇಲೆ ಅಗಲವಾದ ಕೊಂಬು. ಮಂಡ್ಯದವರಿಗೆ ಇಷ್ಟ ಆಗೋ ವಿಷಯ ಅಂದರೆ ಈ ಕಾಟ್ಲಿ ನಾಲೆ ಎಂಜಿನಿಯರ್. 1854ರಲ್ಲಿ ನೀರು ಬಿಟ್ಟ ಗಂಗಾ ನಾಲೆ ಕಟ್ಟಿಸಿದ್ದು ಅವನೇ.

ಮದ್ದೂರು_ವಡೆ

ನಾಲೆ ಎಂಜಿನಿಯರ್‌ಗೆ ಮೂಳೆ ಅಗೆಯೋಕೂ ಪುರುಸೊತ್ತು ಇತ್ತು ಅಂತಾಯ್ತು. ಈಗಿನವರಿಗೆ ನಾಲೆ ಹೂಳು ತೆಗೆಯೋಕೂ ಇಲ್ಲ.

ಡಾಕ್ಟ್ರೇ, ನೀರಿನ ಕಥೆ ಹೇಳಿ. ಒಂಟೆ ಡುಬ್ಬದಲ್ಲಿ ನೀರಿಲ್ಲ, ಕೊಬ್ಬು ಅಂತ ಗೊತ್ತು. ಮತ್ತೆ ನೀರು ಎಲ್ಲಿಟ್ಕೊಳ್ಳುತ್ತೆ?

ದನದ_ಡಾಕ್ಟ್ರು

ಎಲ್ಲೂ ಇಟ್ಟುಕೊಳ್ಳಲ್ಲ. ಇರುವುದನ್ನು ಬಿಡಲ್ಲ, ಅದೇ ಗುಟ್ಟು.

ಮನುಷ್ಯನಿಗೆ ಮೈ ಬಿಸಿ ಏರಿದರೆ ಬೆವರು ಸುರಿಯುತ್ತೆ. ಬಾಯಾರಿದ ಒಂಟೆ ಮೈ ಬಿಸಿಯಾಗೋಕೆ ಬಿಡುತ್ತೆ. ಬೆಳಗಿನ ಜಾವ 34 ಡಿಗ್ರಿ ಇದ್ದ ಮೈ ಸಂಜೆಗೆ 40 ಡಿಗ್ರಿ ದಾಟಬಹುದು. ನಮಗಾದರೆ ಅದು ಜ್ವರ. ಅದಕ್ಕೆ ಅದು ದಿನಚರಿ. ರಾತ್ರಿ ತಂಪಿಗೆ ಆ ಬಿಸಿ ಪುಕ್ಕಟೆಯಾಗಿ ಹೊರಗೆ ಹೋಗುತ್ತೆ, ಬೆವರಿನ ನೀರು ಉಳಿಯುತ್ತೆ. ಮೂತ್ರ ಗಟ್ಟಿ, ಲದ್ದಿ ಒಣ, ಉಸಿರಿನ ತೇವವನ್ನೂ ಮೂಗಿನೊಳಗೇ ಸ್ವಲ್ಪ ಹಿಡಿದಿಟ್ಟುಕೊಳ್ಳುತ್ತೆ. ಮೈತೂಕದ ಕಾಲು ಭಾಗದಷ್ಟು ನೀರು ಕಳೆದುಕೊಂಡರೂ ಬದುಕುತ್ತೆ. ನೀರು ಸಿಕ್ಕಾಗ ಹತ್ತು ಹದಿನೈದು ನಿಮಿಷದಲ್ಲಿ 100 ಲೀಟರ್ ಇಳಿಸುತ್ತೆ. ಅಷ್ಟು ನೀರು ಒಟ್ಟಿಗೆ ರಕ್ತಕ್ಕೆ ಬಂದರೆ ಬೇರೆ ಪ್ರಾಣಿಯ ಕೆಂಪು ರಕ್ತಕಣ ಉಬ್ಬಿ ಒಡೆಯುತ್ತೆ. ಒಂಟೆಯ ಕಣ ಮೊಟ್ಟೆಯಾಕಾರ, ಉಬ್ಬಿದರೂ ತಡೆಯುತ್ತೆ.

ಇದನ್ನೆಲ್ಲ ಮೊದಲು ಕೂತು ಅಳೆದವರಲ್ಲಿ ಕ್ನುಟ್ ಶ್ಮಿಟ್-ನೀಲ್ಸನ್ ಮುಖ್ಯರು. 1950ರ ದಶಕದಲ್ಲಿ ಸಹಾರಾದಲ್ಲಿ ಕೆಲಸ ಮಾಡಿದರು. ಒಂದು ಒಂಟೆಯ ಉಣ್ಣೆ ಬೋಳಿಸಿ ಬಿಸಿಲಲ್ಲಿ ನಿಲ್ಲಿಸಿದರೆ ಅದು ಸುಮಾರು ಒಂದೂವರೆ ಪಟ್ಟು ನೀರು ಬೆವರಿ ಕಳೆಯಿತು. ಸೆಕೆಗೆ ಉಣ್ಣೆ ಬೇಡ ಅಂತ ನಮಗೆ ಅನ್ನಿಸುತ್ತೆ, ಬಿಸಿಲಿಗೆ ಅದೇ ಕೊಡೆ.

ಜಿರಾಫೆಗೆ ಈ ಸರ್ಕಸ್ ಬೇಕಿಲ್ಲ. ಅದು ತಿನ್ನೋದು ಹಸಿ ಎಲೆ, ನೀರಿನ ಬಹುಪಾಲು ಅಲ್ಲೇ ಸಿಗುತ್ತೆ. ಕೆಲವು ದಿನ ಕುಡಿಯದೆ ಇರಬಲ್ಲದು. ಅದರ ಕಷ್ಟ ಬೇರೆ: ಎದೆಯಿಂದ ಅಷ್ಟೆತ್ತರದ ತಲೆಗೆ ರಕ್ತ ಏರಿಸಬೇಕು. ಹೃದಯ ಸುಮಾರು 11 ಕಿಲೋ, ಬಿಪಿ ನಮ್ಮದರ ಎರಡರಷ್ಟು. ತಲೆ ತಗ್ಗಿಸಿದಾಗ ರಕ್ತ ನುಗ್ಗದಂತೆ ಮಿದುಳಿನ ಬುಡದಲ್ಲಿ ರಕ್ತನಾಳಗಳ ಬಲೆ ಇದೆ, ಕತ್ತಿನ ರಕ್ತನಾಳದಲ್ಲಿ ಕವಾಟಗಳಿವೆ. ಕಾಲಿಗೆ ರಕ್ತ ಇಳಿದು ಊದದಂತೆ ಚರ್ಮ ಬಿಗಿಯಾಗಿ ಅಂಟಿರುತ್ತೆ. ಮೈಮೇಲಿನ ಮಚ್ಚೆಗಳ ಅಡಿಯಲ್ಲೂ ರಕ್ತನಾಳಗಳ ಜಾಲ ಇದೆ, ಬಿಸಿ ಹೊರಗೆ ಬಿಡೋಕೆ.

ಮಾಜಿ_ಜವಾನ

ಡಾಕ್ಟ್ರು ಹೇಳಿದ್ದು ಸರಿ. ಚಳಿಗಾಲದ ಇನ್ನೊಂದು ದೃಶ್ಯ ಹೇಳಲೇಬೇಕು. ಬೆದೆಗೆ ಬಂದ ಗಂಡು ಒಂಟೆ ಬಾಯಿಯ ಪಕ್ಕದಿಂದ ಕೆಂಪು ಬಲೂನ್ ಥರ ಒಂದನ್ನು ಊದಿ ನೇತುಬಿಡುತ್ತೆ. ನೊರೆ ಬೇರೆ. ಗುಳುಗುಳು ಸದ್ದು. ನಮ್ಮ ಕಡೆಯ ಹೊಸ ಹುಡುಗ ಒಬ್ಬ ಕರುಳೇ ಹೊರಗೆ ಬಂತು ಅಂತ ಓಡಿದ್ದ. ಅದು ಅಂಗುಳಿನ ಮೆತ್ತನೆ ಭಾಗವಂತೆ. ಆ ಟೈಮಲ್ಲಿ ಹತ್ತಿರ ಹೋಗಬಾರದು, ಕಚ್ಚಿದರೆ ಮೂಳೆ ಉಳಿಯಲ್ಲ.

ಹತ್ತೋದು ಇಳಿಯೋದು ಅಭ್ಯಾಸ ಆಗೋವರೆಗೆ ಪ್ರಾಣಸಂಕಟ. ಏಳುವಾಗ ಮೊದಲು ಹಿಂಗಾಲು ಎತ್ತುತ್ತೆ, ನೀವು ಮುಂದಕ್ಕೆ ಮುಗ್ಗರಿಸುತ್ತೀರಿ. ನಡೆಯುವಾಗ ಒಂದೇ ಬದಿಯ ಎರಡು ಕಾಲು ಒಟ್ಟಿಗೆ ಹಾಕುತ್ತೆ, ಮೈಯೆಲ್ಲ ಆ ಕಡೆ ಈ ಕಡೆ ತೂಗುತ್ತೆ. ಜಿರಾಫೆ ನಡಿಗೆಯೂ ನೋಡೋಕೆ ಹೆಚ್ಚು ಕಡಿಮೆ ಹಾಗೇ.

ಸಕ್ಕರೆ_ನಾಡು

ಒಂಟೆ ಹಾಲಿಗೆ ಒಳ್ಳೆ ರೇಟ್ ಅಂತ ಕೇಳಿದೆ. ನಮ್ಮಲ್ಲಿ ಕಬ್ಬಿನ ಸೋಗೆ ಬೇಕಾದಷ್ಟಿದೆ. ಒಂದೆರಡು ತಂದು ಸಾಕಿದರೆ ಹೇಗೆ? ಸೀರಿಯಸ್ಸಾಗೇ ಕೇಳ್ತಿದ್ದೀನಿ.

ದನದ_ಡಾಕ್ಟ್ರು

ಬೇಡ. ಸೀರಿಯಸ್ಸಾಗೇ ಹೇಳುತ್ತಿದ್ದೇನೆ.

ಮೊದಲನೆಯದು ಕೆಸರು. ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಬಯಲಲ್ಲಿ ಗದ್ದೆ ಬದು ನೋಡಿದ್ದೀರಲ್ಲ. ಒಂಟೆಯ ಮೆತ್ತನೆ ಪಾದ ಮರಳಿಗೆ ಹೇಳಿ ಮಾಡಿಸಿದ್ದು. ಒದ್ದೆ ಜೇಡಿಯಲ್ಲಿ ಜಾರುತ್ತೆ, ಕಾಲು ಅಗಲಿ ಬಿದ್ದರೆ ಎಬ್ಬಿಸೋದು ಕಷ್ಟ. ಜಿರಾಫೆಗೂ ಜಾರು ನೆಲ ಅಪಾಯವೇ.

ಎರಡನೆಯದು ರೋಗ. ನೀರು, ಹಸಿರು ಜಾಸ್ತಿ ಇರುವ ಕಡೆ ರಕ್ತ ಹೀರುವ ದೊಡ್ಡ ನೊಣಗಳು ಜಾಸ್ತಿ. ಅವು ಸರ್ರಾ ರೋಗ ಹರಡುತ್ತವೆ. ರಕ್ತದಲ್ಲಿ ಸೇರುವ ಪರಾವಲಂಬಿಯಿಂದ ಬರುವ ಕಾಯಿಲೆ ಅದು. ಜ್ವರ ಬಂದು ಹೋಗಿ ಬಂದು ಹೋಗಿ ಒಂಟೆ ಬಡಕಲಾಗುತ್ತೆ, ಡುಬ್ಬ ಕರಗುತ್ತೆ. ನಮ್ಮ ಎಮ್ಮೆಗಳಲ್ಲಿ ಎದ್ದು ಕಾಣದೆ ಇದ್ದು ಅಲ್ಲಿಂದಲೂ ಹರಡಬಹುದು. ತೇವಕ್ಕೆ ಕಜ್ಜಿಯೂ ಬಿಡಲ್ಲ.

ಮೂರನೆಯದು, ರಾಜಸ್ಥಾನ 2014ರಲ್ಲಿ ಒಂಟೆಯನ್ನು ರಾಜ್ಯ ಪ್ರಾಣಿ ಮಾಡಿತು. 2015ರ ಕಾನೂನಿನಲ್ಲಿ ವಧೆ ನಿಷೇಧ, ಹೊರಗೆ ಸಾಗಿಸೋಕೂ ನಿರ್ಬಂಧ. ಆದರೂ ಸಂಖ್ಯೆ ಇಳಿಯುತ್ತಲೇ ಇದೆ. 2012ರ ಜಾನುವಾರು ಗಣತಿಯಲ್ಲಿ ದೇಶದಲ್ಲಿ ಸುಮಾರು 4 ಲಕ್ಷ ಒಂಟೆ ಇದ್ದವು, 2019ರಲ್ಲಿ ಸುಮಾರು 2.5 ಲಕ್ಷ. ಟ್ರ್ಯಾಕ್ಟರ್, ಜೀಪು ಬಂದ ಮೇಲೆ ಒಂಟೆಗೆ ಕೆಲಸ ಇಲ್ಲ. ಮೇಯೋ ಜಾಗಗಳೂ ಹೋದವು. ಸಾಕುವ ರೈಕಾ ಜನರ ಮಕ್ಕಳು ಬೇರೆ ಕೆಲಸಕ್ಕೆ ಹೋಗುತ್ತಿದ್ದಾರೆ.

ಹಾಲು ಬೇಕಾದರೆ ಎಮ್ಮೆ ಸಾಕಿ. ಸೋಗೆ ಅದಕ್ಕೆ ಹಾಕಿ.

ಅಗ್ರಹಾರ_ಸರ್ಕಲ್

ಕಛ್‌ನಲ್ಲಿ ಈಜುವ ಒಂಟೆ ಇದೆಯಲ್ಲ ಡಾಕ್ಟ್ರೇ, ಅದಕ್ಕೆ ಕೆಸರು ಆಗುತ್ತಾ?

ದನದ_ಡಾಕ್ಟ್ರು

ಖಾರಾಯಿ ತಳಿ. ಉಪ್ಪುನೀರಲ್ಲಿ ಈಜಿ ಹೋಗಿ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಸೊಪ್ಪು ತಿನ್ನುತ್ತೆ. 2015ರಲ್ಲಿ ಅದನ್ನು ಬೇರೆ ತಳಿ ಅಂತ ಗುರುತಿಸಿದರು. ಅದು ತಲೆತಲಾಂತರದಿಂದ ಅಲ್ಲೇ ಬೆಳೆದದ್ದು, ಅಲ್ಲಿನ ಕೆಸರು ಅದಕ್ಕೆ ಅಭ್ಯಾಸ. ಅದನ್ನು ತಂದು ಭತ್ತದ ಗದ್ದೆಗೆ ಬಿಟ್ಟರೆ ಬದುಕುತ್ತೆ ಅಂತ ನಾನಂತೂ ಹೇಳಲ್ಲ.

ಮದ್ದೂರು_ವಡೆ

ಜಿರಾಫೆ ಆಫ್ರಿಕಾದಲ್ಲಿ ಸುಖವಾಗಿದೆ ತಾನೇ? ಅದಕ್ಕಾದ್ರೂ ಟ್ರ್ಯಾಕ್ಟರ್ ಕಾಟ ಇಲ್ಲ.

ಕಾರಂಜಿ_ಕೆರೆ

ಇಲ್ಲ. 1985ರಲ್ಲಿ ಒಂದೂವರೆ ಲಕ್ಷದ ಮೇಲಿದ್ದದ್ದು 2015ಕ್ಕೆ ಸುಮಾರು 97,500ಕ್ಕೆ ಇಳಿಯಿತು. 2016ರಲ್ಲಿ ಐಯುಸಿಎನ್ ಅನ್ನೋ ಪ್ರಕೃತಿ ಸಂರಕ್ಷಣಾ ಸಂಸ್ಥೆ ಅದನ್ನು ಅಪಾಯದ ಪಟ್ಟಿಗೆ ಸೇರಿಸಿತು. ಬೇಟೆ, ಯುದ್ಧ, ಕಾಡು ಕಡಿದು ಹೊಲ ಮಾಡೋದು, ಎಲ್ಲ ಸೇರಿದೆ. 2025ರಲ್ಲಿ ಜಿರಾಫೆ ಒಂದೇ ಜಾತಿ ಅಲ್ಲ, ನಾಲ್ಕು ಬೇರೆ ಬೇರೆ ಜಾತಿ ಅಂತ ಅದೇ ಸಂಸ್ಥೆ ಒಪ್ಪಿತು. ಅಲ್ಲಿಗೆ ಒಂದೊಂದರ ಸಂಖ್ಯೆ ಇನ್ನೂ ಕಮ್ಮಿ ಅಂತಾಯ್ತು. ಕಾಡು ಒಂಟೆಯ ಸ್ಥಿತಿ ಅದಕ್ಕಿಂತ ಕಷ್ಟ. ಚೀನಾ, ಮಂಗೋಲಿಯಾದ ಗೋಬಿ ಕಡೆ ಎರಡು ಡುಬ್ಬದ ಕಾಡು ಒಂಟೆ ಮಾತ್ರ ಉಳಿದಿದೆ, ಅಳಿವಿನ ಅಂಚಲ್ಲಿದೆ. ಒಂಟಿ ಡುಬ್ಬದ್ದು ಮೂಲ ಕಾಡಲ್ಲಿ ಎಲ್ಲೂ ಇಲ್ಲ. ಆಸ್ಟ್ರೇಲಿಯಾದಲ್ಲಿ ಓಡಾಡೋವು ಸಾಕಿ ಬಿಟ್ಟವುಗಳ ಸಂತತಿ.

ಬಂಡೂರು_ಕುರಿ

ಮೇಡಂ, ಭಾನುವಾರ ಮಕ್ಕಳನ್ನು ಮೈಸೂರಿಗೆ ಕರ್ಕೊಂಡು ಬರ್ತಿದ್ದೀನಿ. ಮೃಗಾಲಯದಲ್ಲಿ ಜಿರಾಫೆ ಹತ್ತಿರ ಏನು ನೋಡಬೇಕು ಹೇಳಿ.

ದನದ_ಡಾಕ್ಟ್ರು

ನಾನು ಹೇಳುತ್ತೇನೆ. ಅದು ಸೊಪ್ಪು ತಿನ್ನುವಾಗ ಎಲ್ಲರೂ ಫೋಟೊ ತೆಗೆದು ಮುಂದೆ ಹೋಗುತ್ತಾರೆ. ನೀವು ತಿಂದು ಮುಗಿಸಿ ಸುಮ್ನೆ ನಿಂತಾಗ ನೋಡಿ. ಕತ್ತಿನ ಬುಡದಲ್ಲಿ ಒಂದು ಉಂಡೆ ಹುಟ್ಟಿ, ಚರ್ಮದ ಅಡಿಯಲ್ಲಿ ಮೇಲಕ್ಕೆ ಸರ್ರನೆ ಓಡುತ್ತೆ. ಬಾಯಿಗೆ ಬಂದ ಕೂಡಲೇ ದವಡೆ ಅಡ್ಡಡ್ಡ ಆಡೋಕೆ ಶುರು. ಜಗಿದು ನುಂಗಿದ ಮೇಲೆ ಅದೇ ಉಂಡೆ ಕೆಳಗೆ ಇಳಿಯೋದೂ ಕಾಣುತ್ತೆ. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು. ಹಸು ಕತ್ತಲ್ಲೂ ಇದೇ ನಡೆಯುತ್ತೆ, ದಾರಿ ಗಿಡ್ಡ ಆದ್ದರಿಂದ ಅಷ್ಟು ಎದ್ದು ಕಾಣಲ್ಲ.

ಕಂಬಿ, ಗೋಡೆ ನೆಕ್ಕುತ್ತಿದ್ದರೆ ಅದನ್ನೂ ಮಕ್ಕಳಿಗೆ ತೋರಿಸಿ. ಕಾಡಲ್ಲಿ ದಿನದ ಅರ್ಧ ಹೊತ್ತು ನಾಲಿಗೆಗೆ ಕೆಲಸ ಇರುತ್ತೆ. ಕೂಡಿಟ್ಟ ಕಡೆ ಮೇವು ಬೇಗ ಮುಗಿದುಹೋಗುತ್ತೆ, ಅದಕ್ಕೆ ಬಹಳ ದೇಶಗಳ ಜೂಗಳಲ್ಲಿ ಜಿರಾಫೆಗಳು ಹೀಗೆ ಮಾಡುತ್ತವೆ. ಸೊಪ್ಪನ್ನು ಎತ್ತರಕ್ಕೆ, ಬಿಡಿಸಿಕೊಳ್ಳೋಕೆ ಕಷ್ಟ ಆಗೋ ಹಾಗೆ ಕಟ್ಟೋದು ಅದಕ್ಕೇ.

ಬಂಡೂರು_ಕುರಿ

ಮೆಲುಕು ನೋಡೋಕೆ ಯಾವ ಹೊತ್ತು ಒಳ್ಳೇದು?

ದನದ_ಡಾಕ್ಟ್ರು

ಬಿಸಿಲೇರಿದ ಮೇಲೆ, ಮಧ್ಯಾಹ್ನದ ಹೊತ್ತು. ನಿಮ್ಮ ಮೇಕೆಗಳು ಮಲಗೋ ಟೈಮೇ ಅದಕ್ಕೂ.

ಕಾರಂಜಿ_ಕೆರೆ

ಭಾನುವಾರ ಜನ ಜಾಸ್ತಿ, ಆದಷ್ಟು ಬೇಗ ಟಿಕೆಟ್ ತಗೊಂಡು ಒಳಗೆ ಹೋಗಿ, ಜಿರಾಫೆ ಹತ್ತಿರ ಮಧ್ಯಾಹ್ನ ವಾಪಸ್ ಬನ್ನಿ. ಪ್ಲಾನ್ ಬದಲಾದರೂ ಮಂಗಳವಾರ ಮಾತ್ರ ಬರಬೇಡಿ, ರಜೆ.